ಶಿವಗಂಗಾ ಕಂಡ ಕಪ್ಪು ಹಕ್ಕಳೆ

ಇಂಡಿ ಕಡೆಯ ಶಿವಗಂಗಾ ಮತ್ತು ಅವಳ ಗಂಡ ಸಿದ್ರಾಮ ಸಿಂಗಸಂದ್ರದ ನಾಯಿ ಬೋರ್ಡಿಂಗ್ ಒಂದರಲ್ಲಿ ಕೆಲಸಕ್ಕಿದ್ದರು. ಪ್ರವಾಸ ಹೋಗುವವರು ಬಿಟ್ಟುಹೋದ ನಾಯಿಗಳಿಗೆ ಅವಳು ಸ್ನಾನ ಮಾಡಿಸುತ್ತಿದ್ದಳು. ಅವನು ಅವುಗಳ ಮೈಗೆ ಕಚ್ಚಿಕೊಂಡ ಉಣ್ಣೆಹುಳಗಳನ್ನು ಕಿತ್ತು ಉಗುರಿನಲ್ಲೇ ಹಿಸುಕುತ್ತಿದ್ದ. ಅವಳು ಎಷ್ಟು ಬೈದರೂ ಕೇಳುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಸಿದ್ರಾಮನಿಗೆ ಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ಡೆಂಗಿಯೂ ಇರಲಿಲ್ಲ, ಟೈಫಾಯ್ಡೂ ಇರಲಿಲ್ಲ. ಐದನೆಯ ದಿನ ಅವನು ಬಡಬಡಿಸತೊಡಗಿದ. ಮೈ ಒರೆಸುತ್ತಿದ್ದ ಶಿವಗಂಗಾಗೆ ಅವನ ಅಂಗೈ ಅಂಗಾಲುಗಳಲ್ಲಿ ಕೆಂಪು ಚುಕ್ಕೆಗಳು, ಕಂಕುಳಲ್ಲಿ ಸುಟ್ಟಂತಿದ್ದ ಒಂದು ಕಪ್ಪು ಹಕ್ಕಳೆ ಕಂಡವು. ಕೂಡಲೇ ಆಟೋ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು.

“ಮೇಡಂ, ಇವ್ರು ದಿನಾ ಬರಿಗೈಲೆ ನಾಯಿ ಉಣ್ಣಿ ಕೀಳ್ತಾರ್ರಿ. ಇದು ಉಣ್ಣಿ ಕಚ್ಚಿದ ಗಾಯಾನ ಇರಬೇಕು ನೋಡ್ರಿ,” ಎಂದು ಅಲ್ಲಿನ ವೈದ್ಯೆಗೆ ಹಕ್ಕಳೆ ತೋರಿಸಿದಳು.

ಹಕ್ಕಳೆ ನೋಡಿದ್ದೇ ವೈದ್ಯೆಯ ಮುಖ ಬದಲಾಯಿತು. “ಸರಿಯಾಗಿ ಹೇಳಿದ್ರಿ ಕಣಮ್ಮ. ಉಣ್ಣೆ ಕಚ್ಚಿಕೊಂಡು ರಕ್ತ ಹೀರುವಾಗ ಅದರ ಜೊಲ್ಲಿನ ಜೊತೆ ಬ್ಯಾಕ್ಟೀರಿಯಾ ಮೈಯೊಳಗೆ ಹೋಗುತ್ತೆ. ಅದನ್ನ ಹಿಸುಕಿದ್ರೆ ಕೈಮೇಲಿನ ಗೀರುಗಳಿಂದಾನೂ ಹೋಗಬಹುದು. ರಿಪೋರ್ಟ್‌ಗೆ ಕಾಯೋದು ಬೇಡ, ಈಗ್ಲೇ ಔಷಧಿ ಶುರು ಮಾಡ್ತೀನಿ.”

ಎರಡು ದಿನಕ್ಕೆ ಜ್ವರ ಇಳಿಯಿತು. ಮೂರನೆಯ ದಿನ ಸಿದ್ರಾಮ ಎದ್ದು ಕೂತು, “ರೊಟ್ಟಿ ತಂದೀಯೇನ?” ಎಂದು ಕೇಳಿದ. ಶಿವಗಂಗಾ ನಗುತ್ತಲೇ ಅತ್ತಳು.

ಅಷ್ಟರಲ್ಲಿ ವೈದ್ಯೆ ನಾಲ್ವರು ಕಿರಿಯ ಡಾಕ್ಟರುಗಳೊಂದಿಗೆ ಬಂದರು. “ಈ ರೋಗ ಮೊದಲು ಗುರುತಿಸಿದ್ದು ನಾನಲ್ಲ, ಇವರು,” ಎಂದು ಅವಳನ್ನು ಮುಂದೆ ಕರೆದರು. ಶಿವಗಂಗಾ ಸೆರಗು ಸರಿಮಾಡಿಕೊಂಡು, ಗಂಡನ ತೋಳೆತ್ತಿ, ಎಲ್ಲಿ ಹುಡುಕಬೇಕೆಂದು ಅವರಿಗೆಲ್ಲ ತೋರಿಸಿಕೊಟ್ಟಳು.