ಅಳಿಯಾರು ಬಿಲ್ ಹಾಕಿದ ಗುರುವಾರ

ನಮ್ಮ ಆಫೀಸಿಗೆ ಹೊಸದಾಗಿ ಬಂದ ಆ ಕಂಪ್ಯೂಟರಿಗೆ ನಾವೆಲ್ಲ ಅಳಿಯಾರು ಅಂತಿದ್ದೆವು. ಅದಕ್ಕೆ ಬೇರೆ ಮೇಜು. ಯಾರೂ ಕೂಡದಿದ್ದರೂ ಒಂದು ಕುರ್ಚಿ. ಫ್ಯಾನಿನ ಗಾಳಿ ನೇರವಾಗಿ ಬೀಳುವ ಜಾಗ. ಅದು ಕೆಲಸ ಮಾಡುವಾಗ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ, ಕರೆಂಟು ಹೋದರೆ ಇನ್ವರ್ಟರ್ ಮೊದಲು ಅದಕ್ಕೆ, ಆಮೇಲೆ ನಮಗೆ. ದೀಪಾವಳಿಗೆ ಮನೆಗೆ ಬಂದ ಅಳಿಯನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪ್ಯಾಕಿಂಗಿನ ಹುಡುಗಿಯರು ಅದರ ಕಡೆ ತಿರುಗಿ, ಅಳಿಯಾರದು ಊಟ ಆತೇನ್ರಿ ಅಂತ ಕೇಳಿ ನಗುತ್ತಿದ್ದರು.

ನಮ್ಮದು ಸೊಲ್ಲಾಪುರದಲ್ಲಿ ಔಷಧದ ಹೋಲ್‌ಸೇಲ್ ಏಜೆನ್ಸಿ. ಕಂಪನಿಗಳಿಂದ ಮಾಲು ತರಿಸಿ ಊರಿನ ಅಂಗಡಿಗಳಿಗೆ, ಆಚೆ ಅಕ್ಕಲಕೋಟೆ, ಮಂಗಳವೇಢೆ, ಸಣ್ಣಪುಟ್ಟ ಹಳ್ಳಿಗಳ ಮೆಡಿಕಲ್‌ಗಳಿಗೆ ಹಂಚುವುದು. ಆರ್ಡರ್ ತೆಗೆದುಕೊಳ್ಳುವುದು, ಇದ್ದ ಮಾಲನ್ನು ಯಾರಿಗೆ ಎಷ್ಟು ಅಂತ ಹಂಚಿ ಬಿಲ್ ಹಾಕುವುದು ನನ್ನ ಕೆಲಸ. ಕೂದಲು ಪೂರಾ ಕಪ್ಪಿದ್ದಾಗ ಸೇರಿದವಳು ನಾನು. ಬೆಳಿಗ್ಗೆ ಫೋನ್ ಕಿವಿಗೆ ಹಚ್ಚಿದರೆ ಮಧ್ಯಾಹ್ನದವರೆಗೆ ಇಳಿಸುವಂತಿಲ್ಲ. ಒಂದು ಕಿವಿಗೆ ಮರಾಠಿ, ಇನ್ನೊಂದಕ್ಕೆ ಕನ್ನಡ, ಎರಡಕ್ಕೂ ಬೈಗುಳ.

ನಮ್ಮ ಅಂಗಡಿಕಾರರಿಗೆ ಒಂದು ಚಟ. ಹತ್ತು ಬೇಕಾದರೆ ಇಪ್ಪತ್ತು ಕೇಳುತ್ತಾರೆ. ಯಾಕೆಂದರೆ ನಾನು ಅರ್ಧಕ್ಕೆ ಇಳಿಸುತ್ತೇನೆ ಅನ್ನುವುದು ಅವರಿಗೆ ಗೊತ್ತು. ನಾನು ಯಾಕೆ ಇಳಿಸುತ್ತೇನೆ? ಅವರು ಎರಡು ಪಟ್ಟು ಕೇಳುತ್ತಾರೆ ಅನ್ನುವುದು ನನಗೆ ಗೊತ್ತು. ಇದನ್ನು ಮೊದಲು ಶುರು ಮಾಡಿದವರು ಅವರೋ ನಾವೋ, ದೇವರೇ ಬಲ್ಲ. ಯಾರೂ ಇದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ, ಬೇಜಾರು ಮಾಡಿಕೊಂಡದ್ದೂ ಇಲ್ಲ. ವಾಗದರಿಯ ಅಂಗಡಿಯವನೊಬ್ಬ ಮಾತ್ರ ನಾಲ್ಕು ಬೇಕಾದರೆ ನಾಲ್ಕೇ ಕೇಳುವವನು. ಅವನ ಆರ್ಡರಿಗೆ ನಾನು ಎಂದೂ ಕತ್ತರಿ ಹಾಕಿದವಳಲ್ಲ. ಆ ಊರಿಗೆ ನನ್ನ ಅಕ್ಕನನ್ನು ಕೊಟ್ಟಿದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದೆ ಅನ್ನುವವರು ಅನ್ನಲಿ.

ಯಂತ್ರ ಕೂಡಿಸಲು ಪುಣೆಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಮೊದಲಿಗೆ ಒಂದೇ ಕೆಲಸ ಹಿಡಿಯೋಣ, ಅದು ನೆಟ್ಟಗಾದ ಮೇಲೆ ಮುಂದಿನದು ಅಂದ. ಅಂಗಡಿಯವರು ಮೊಬೈಲಿನಲ್ಲಿ ಆರ್ಡರ್ ತುಂಬಿ ಕಳಿಸುವುದು. ಯಂತ್ರ ತಾನೇ ಅದನ್ನು ತೆರೆದು, ನಮ್ಮ ಬಿಲ್ಲಿನ ಸಾಫ್ಟ್‌ವೇರಿನಲ್ಲಿ ಟೈಪು ಮಾಡಿ, ಸ್ಟಾಕು ನೋಡಿ ಬಿಲ್ ತೆಗೆಯುವುದು. ನನ್ನನ್ನು ಕೂಡಿಸಿ ನಾನು ಎಲ್ಲೆಲ್ಲಿ ಒತ್ತುತ್ತೇನೆ ಅನ್ನುವುದನ್ನೆಲ್ಲ ವಿಡಿಯೊ ಮಾಡಿಕೊಂಡ. ನನ್ನ ಕೈ ಮಾಡಿದ್ದೆಲ್ಲ ಅದರಲ್ಲಿ ಬಂತು. ಇಪ್ಪತ್ತನ್ನು ಓದಿ ಹತ್ತು ಅಂದುಕೊಳ್ಳುವುದು ತಲೆಯೊಳಗೆ ನಡೆಯುವ ಕೆಲಸ, ಅದು ಪರದೆಯ ಮೇಲೆ ಎಲ್ಲಿ ಕಾಣಬೇಕು? ನಾನೇ ಬಾಯಿಬಿಟ್ಟು ಹೇಳಿದೆ, ಜನ ಎರಡು ಪಟ್ಟು ಕೇಳುತ್ತಾರೆ, ಸಣ್ಣವರ ಆರ್ಡರ್ ತಡವಾಗಿ ಬರುತ್ತದೆ, ಎಲ್ಲ ಬರುವವರೆಗೂ ಕಾದು ಹಂಚಬೇಕು ಅಂತ. ಮಾಲಕರು ಕೈ ಅಡ್ಡ ಆಡಿಸಿದರು. ಮಷೀನಿಗೆ ನಮ್ಮವರು ತಮ್ಮವರು ಅಂತ ಇರೋದಿಲ್ಲ, ಮೊದಲು ಕೇಳಿದವರಿಗೆ ಮೊದಲು, ಕೇಳಿದಷ್ಟು, ಜನ ತಾನೇ ನೆಟ್ಟಗಾಗ್ತಾರ ಅಂದರು. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತ್ತು. ಮಂಗಳವೇಢೆಯ ಒಬ್ಬ ಅಂಗಡಿಕಾರ ನಾನು ಬೇಕಾದವರಿಗೆ ಹಂಚುತ್ತೇನೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಇನ್ನು ಮೇಲೆ ಅಳಿಯಾರನ್ನೇ ಬೈದುಕೊಳ್ಳಲಿ ಅಂದುಕೊಂಡೆ.

ಕೆಲವು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ನಾವು ಬರುವ ಹೊತ್ತಿಗೆ ಬಿಲ್ಲುಗಳು ತಯಾರು, ಗಾಡಿಗಳು ಹೊರಟು ಹೋಗಿರುತ್ತಿದ್ದವು. ನಾನು ಬಿಸಿ ಚಹಾ ಕುಡಿಯಲು ಕಲಿತೆ.

ಆ ಗುರುವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. ಅಕ್ಕ ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. ಅವಳ ಮಗಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ತಪ್ಪಿಸುವಂತಿಲ್ಲ. ಹಳ್ಳಿಯಲ್ಲಿ ಕರೆಂಟಿನ ಭರವಸೆ ಇಲ್ಲ, ಮನೆಯಲ್ಲಿ ಫ್ರಿಜ್ ಇಲ್ಲ, ಹಾಗಾಗಿ ಹೊಸ ಬಾಟಲಿ ಅಂಗಡಿಯ ಫ್ರಿಜ್ಜಿನಲ್ಲೇ ಇರುತ್ತದೆ. ಹಳೆಯದು ಮುಗಿದ ದಿನ ಅಕ್ಕನ ಗಂಡ, ನಮ್ಮ ಮಾವ, ಹೋಗಿ ತರುತ್ತಾನೆ. ಆ ದಿನ ಬೆಳಗಿನ ಇಂಜೆಕ್ಷನ್ನಿಗೆ ಅರ್ಧವಷ್ಟೇ ಬಂದು ಹಳೆಯ ಬಾಟಲಿ ಖಾಲಿಯಾಗಿತ್ತು. ಮಾವ ಅಂಗಡಿಗೆ ಹೋದರೆ, ಈ ಸಲ ಮಾಲೇ ಬಂದಿಲ್ಲ ಅಂದನಂತೆ ಅಂಗಡಿಯವನು.

"ನೀ ಅಲ್ಲಿ ಅದಿ ಅಂತ ನಾ ಗಾಬರಿ ಆಗಿಲ್ಲ," ಅಂದಳು ಅಕ್ಕ. "ಸಂಜಿ ಊಟಕ್ಕ ಮೊದಲ ಬೇಕು."

ನಾನು ಆರ್ಡರುಗಳನ್ನು ತೆಗೆದು ನೋಡಿದೆ. ಆ ವಾರ ಕಂಪನಿಯಿಂದಲೇ ಇನ್ಸುಲಿನ್ ಕಡಿಮೆ ಬಂದಿತ್ತು. ದೊಡ್ಡ ಅಂಗಡಿಯವರು ಹಾಸಿಗೆಯಲ್ಲಿದ್ದಂತೆಯೇ ಮೊಬೈಲಿನಲ್ಲಿ ಆರ್ಡರ್ ಒತ್ತಿದ್ದರು, ಎಂದಿನಂತೆ ಎರಡು ಪಟ್ಟು. ಅವರು ಕೇಳಿದ್ದನ್ನೆಲ್ಲ ಅಳಿಯಾರು ಕೊಟ್ಟುಬಿಟ್ಟಿದ್ದರು. ವಾಗದರಿಯವನು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಂದು ಅಂಗಡಿ ತೆಗೆಯುವವನು. ಅವನ ನಾಲ್ಕು ಬಾಟಲಿಯ ಆರ್ಡರ್ ಬರುವ ಹೊತ್ತಿಗೆ ಸ್ಟಾಕು ಸೊನ್ನೆ. ಯಂತ್ರ ತಪ್ಪೇನೂ ಮಾಡಿರಲಿಲ್ಲ. ಹೇಳಿಕೊಟ್ಟದ್ದನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸಿ, ಪರದೆಯ ಮೂಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ನನಗೆ ಅದರ ತಲೆಯ ಮೇಲೊಂದು ಕುಟ್ಟಬೇಕು ಅನಿಸಿತು.

ಗೋಡೌನಿನ ಫ್ರಿಜ್ ತೆರೆದು ನೋಡಿದೆ. ಖಾಲಿ. ಊರಿನ ಅಂಗಡಿಗಳಿಗೆ ಫೋನ್ ಹಚ್ಚಿದೆ. ಎಲ್ಲರದೂ ಒಂದೇ ಮಾತು: ಖಲಾಸ್ ಆಗ್ಯಾವ ಮ್ಯಾಡಮ್. ಗಾಡಿ ಮುಟ್ಟಿ ಎರಡು ತಾಸಾಗಿರಲಿಲ್ಲ. ಇನ್ಸುಲಿನ್ ಏನು ಚಹಾನೇ, ಬಂದವರೆಲ್ಲ ಕುಡಿದು ಹೋಗಲು? ಆಗ ನನಗೆ ಹೊಳೆಯಿತು. ಅವರು ನನಗೆ ಹೆದರುತ್ತಿದ್ದರು. ಉಳಿದಿದೆ ಅಂದರೆ ಎರಡು ಪಟ್ಟು ಕೇಳಿದ್ದು ಒಪ್ಪಿಕೊಂಡಂತೆ. ಇಷ್ಟು ವರ್ಷದ ಮೇಲೆ ಈಗ ಕೇಳಿದಷ್ಟು ಸಿಗುತ್ತಿದೆ, ಅದನ್ನು ಕೈಯಾರೆ ಯಾರು ಕಳೆದುಕೊಳ್ಳುತ್ತಾರೆ? ಅಕ್ಕಲಕೋಟೆಯ ಹಿರಿಯ ಅಂಗಡಿಕಾರರೂ ಹಾಗೇ ಅಂದರು. ಅವರ ಬಿಲ್ ನನ್ನ ಕಣ್ಣಮುಂದೆಯೇ ಇತ್ತು. ಎಲ್ಲರಿಗಿಂತ ಹೆಚ್ಚು ಹೋಗಿದ್ದು ಅವರಿಗೇ.

ಫೋನಿನಲ್ಲಿ ಇಲ್ಲ ಅನ್ನುವುದು ಸುಲಭ, ಎದುರು ನಿಂತರೆ ಕಷ್ಟ. ಅರ್ಧ ದಿನದ ರಜೆ ಹಾಕಿ ಎಸ್‌ಟಿ ಸ್ಟ್ಯಾಂಡಿಗೆ ಓಡಿದೆ. ಗುರುವಾರ ಅಲ್ಲಿನ ಸ್ವಾಮಿಗಳ ದರ್ಶನದ ದಿನವಾದ್ದರಿಂದ ಅಕ್ಕಲಕೋಟೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಪುಣೆ ಕಡೆಯ ಭಕ್ತರೇ ತುಂಬಿದ್ದರು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ದಾರಿಯುದ್ದಕ್ಕೂ ಪೇಢಾದ ಡಬ್ಬಿಯನ್ನು ನನ್ನ ತಲೆಗೆ ಒರಗಿಸಿಕೊಂಡಿದ್ದಳು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವತ್ತು ನನ್ನ ಕಣ್ಣೆಲ್ಲ ಮೊಬೈಲಿನ ಮೇಲೆ. ಹೋದ ವರ್ಷ ಒಮ್ಮೆ ಇಂಜೆಕ್ಷನ್ ತಪ್ಪಿ ಆ ಹುಡುಗಿಯನ್ನು ಸೊಲ್ಲಾಪುರದ ದವಾಖಾನೆಗೆ ತಂದು ಸಲಾಯಿನ್ ಹಚ್ಚಿದ್ದರು. ಅವಳ ಉಸಿರು ಆಗ ಹೇಗಿತ್ತು ಅನ್ನುವುದು ನನಗೆ ಗೊತ್ತು. ಬಸ್ಸು ಪ್ರತಿ ಸ್ಟಾಪಿಗೂ ನಿಲ್ಲುತ್ತಿತ್ತು. ನಡುವೆ ಮಾವನ ಮೆಸೇಜ್ ಬಂತು: ಮೀಟರಿನಲ್ಲಿ ಸಕ್ಕರೆ ಏರತೊಡಗಿದೆ, ಹುಡುಗಿ ಮೇಲಿಂದ ಮೇಲೆ ನೀರು ಕುಡಿಯುತ್ತಿದ್ದಾಳೆ.

ಅಕ್ಕಲಕೋಟೆಯ ಆ ಅಂಗಡಿಕಾರರನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ದನಿ ಮಾತ್ರ ವರ್ಷಗಳಿಂದ ಗೊತ್ತು. ನನ್ನ ದನಿ ಕೇಳಿದೊಡನೆ ಅವರೂ ಗುರುತು ಹಿಡಿದರು, ಬರ್ರಿ ಕೂಡ್ರಿ ಅಂದರು, ಚಹಾ ತರಿಸಲು ಹೊರಟರು. ನಾನು ಇನ್ಸುಲಿನ್ ಅಂದೆ. ಅವರು ಇಲ್ಲ ಅಂದರು. ಹಾಗನ್ನುವಾಗ ಎದ್ದು ಹೋಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು, ಪಾಪ. ಕೌಂಟರಿನ ಮುಂದೆ ಗಿರಾಕಿಗಳ ಸಾಲು. ನನ್ನ ಬಾಯಿಗೆ ಬಂದ ಮಾತು ಹೊರಗೆ ಬಂದಿದ್ದರೆ ಆ ಸಾಲು ಅಲ್ಲೇ ನಿಂತು ತಮಾಷೆ ನೋಡುತ್ತಿತ್ತು. ನುಂಗಿಕೊಂಡೆ.

"ನಾ ಏಜೆನ್ಸಿ ಕಡಿಂದ ಬಂದಿಲ್ರಿ," ಅಂದೆ. "ನಮ್ಮ ಅಕ್ಕನ ಮಗಳಿಗೆ ಬೇಕಾಗ್ಯದ. ಸಂಜಿಗೆ ಇಂಜೆಕ್ಷನ್ ಇಲ್ಲಂದ್ರ ಹುಡುಗಿ ಉಳಿಯೂದು ಕಠಿಣ ಅದ."

ಅವರ ಮುಖ ಒಮ್ಮೆಲೇ ಬೇರೆಯಾಯಿತು. "ನಮ್ಮವರದು ಅಂತ ಮೊದಲ ಹೇಳಬಾರದೇನ್ರಿ ತಾಯಿ," ಅಂದು ಫ್ರಿಜ್ ತೆಗೆದರು. ಕೆಳಗಿನ ಖಾನೆಯ ತುಂಬ ಬಾಟಲಿಗಳು. ನಾನು ನೋಡಲಿಲ್ಲ ಅನ್ನುವ ಹಾಗೆ ಅವರೂ, ಅವರು ತೋರಿಸಲಿಲ್ಲ ಅನ್ನುವ ಹಾಗೆ ನಾನೂ ಇದ್ದೆವು. ಒಂದು ಬಾಟಲಿಯನ್ನು ಕಾಗದದಲ್ಲಿ ಸುತ್ತಿ, ಬರ್ಫಿನ ಚೀಲದ ಮೇಲೆ ದಪ್ಪ ಬಟ್ಟೆ ಇಟ್ಟು ಅದರ ಮೇಲೆ ಕೂಡಿಸಿ ಕೊಟ್ಟರು. ಅಷ್ಟು ಜೋಪಾನ. ಅವರು ಕೆಟ್ಟವರಲ್ಲ, ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚು ಮಾಡಿತು.

ವಾಗದರಿ ಕಡೆಗೆ ಹೋಗುವುದು ಸೀಟಿನ ಲೆಕ್ಕದ ವಡಾಪ್ ಜೀಪು, ಜನ ತುಂಬುವವರೆಗೂ ಹೊರಡುವುದಿಲ್ಲ. ಕೊನೆಗೆ ಖಾಲಿ ಉಳಿದ ಸೀಟುಗಳ ದುಡ್ಡನ್ನೂ ನಾನೇ ಕೊಡುತ್ತೇನೆ, ಎಬ್ಬಿಸು ಗಾಡಿ ಅಂದೆ. ಡ್ರೈವರ್ ನನ್ನ ಮುಖ ನೋಡಿ ಹೊರಟ. ತೊಡೆಯ ಮೇಲಿದ್ದ ಬರ್ಫು ಕರಗಿ ಸೀರೆ ಒದ್ದೆಯಾಗುತ್ತಿತ್ತು. ಬಾಟಲಿ ಇನ್ನೂ ತಂಪಾಗಿದೆಯೇ ಅಂತ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮಾವ ಊರಿಗೆ ತಿರುಗುವ ಫಾಟ್ಯಾದ ಹತ್ತಿರ ಮೋಟರ್‌ಸೈಕಲ್ ಹಚ್ಚಿಕೊಂಡೇ ನಿಂತಿದ್ದ. ಮನೆಯಲ್ಲಿ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು, ಒಮ್ಮೆ ವಾಂತಿ ಆಗಿತ್ತಂತೆ. ತಾನೇ ಸಿರಿಂಜ್ ತುಂಬಿಕೊಂಡಳು, ತಾನೇ ಚುಚ್ಚಿಕೊಂಡಳು. ನಮ್ಮೆಲ್ಲರ ಕೈಗಿಂತ ಅವಳ ಕೈಯೇ ಗಟ್ಟಿಯಾಗಿತ್ತು. ಆಮೇಲೆ ಕಾಯುವುದು. ಅಕ್ಕ ರೊಟ್ಟಿ ಬಡಿಯುತ್ತಾ ಕೂತಳು, ಯಾರಿಗೂ ಬೇಕಿಲ್ಲದಷ್ಟು ಬಡಿದಳು. ಮೀಟರಿನಲ್ಲಿ ಅಂಕಿ ಇಳಿದದ್ದು ಕಂಡ ಮೇಲೆ ನಾನು ಅಡುಗೆಮನೆಯ ಮೂಲೆಗೆ ಹೋಗಿ ಅತ್ತೆ. ಹೊರಗಿನಿಂದ ಹುಡುಗಿ ನನ್ನನ್ನು ಕೇಳುತ್ತಿದ್ದಳು, ಮಾವಶಿ, ನಿಮ್ಮ ಅಳಿಯಾರಿಗೆ ನಾ ಗೊತ್ತಿಲ್ಲೇನು ಅಂತ.

ಮರುದಿನ ನಾನು ಆಫೀಸಿನಲ್ಲಿ ದನಿ ಏರಿಸಿದೆ. ಮಾಲಕರು ಇಂಜಿನಿಯರನಿಗೆ ತಾವೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಎರಡು ಪಟ್ಟು ಕೇಳಿದ್ದಾರೆ ಅಂತ ನಿಮಗೆ ಹೇಗೆ ತಿಳಿಯುತ್ತದೆ ಅಂತ ಕೇಳಿದ ಅವನು. ದನಿಯಿಂದ ಅಂದೆ. ಅದನ್ನು ಯಂತ್ರಕ್ಕೆ ಹೇಳಿಕೊಡುವುದು ಹೇಗೆ ಅಂತ ಅವನು ಸ್ವಲ್ಪ ಹೊತ್ತು ಒದ್ದಾಡಿದ. ಕೊನೆಗೆ ಹೀಗೆ ಮಾಡಿದೆವು: ಮಧ್ಯಾಹ್ನದವರೆಗೆ ಎಲ್ಲ ಆರ್ಡರ್ ಕೂಡಿಸಿಕೊಳ್ಳುವುದು, ಫ್ರಿಜ್ಜಿನ ಮಾಲು ಮೊದಲು ಸಣ್ಣ ಊರುಗಳಿಗೆ ತೆಗೆದಿಡುವುದು, ಯಾರಾದರೂ ಎಂದಿಗಿಂತ ಹೆಚ್ಚು ಕೇಳಿದರೆ ಯಂತ್ರ ಅಲ್ಲೇ ನಿಂತು ನನ್ನನ್ನು ಕೇಳುವುದು. ಕಂಪನಿಯಿಂದ ಮತ್ತೆ ಮಾಲು ಬಂದು ನಾಲ್ಕು ಬಾಟಲಿ ಶನಿವಾರದ ಗಾಡಿಯಲ್ಲಿ ವಾಗದರಿಗೆ ಹೋದವು. ನನ್ನ ಚಹಾ ಮತ್ತೆ ಆರತೊಡಗಿತು.

ಹೊಸ ಕ್ರಮ ಶುರುವಾದ ಮೇಲಿನ ವಾರ ಒಂದು ಆರ್ಡರಿನ ಮುಂದೆ ಅಳಿಯಾರು ನಿಂತರು. ಪರದೆಯ ಮೇಲೆ ಕೆಂಪು ಗೆರೆ: ಎಂದಿಗಿಂತ ಹೆಚ್ಚು, ಕೊಡಲೇ, ಬೇಡವೇ? ನೋಡಿದರೆ ವಾಗದರಿಯವನು. ಎಂಟು ಬಾಟಲಿ.

ನನಗೆ ಮೈ ಉರಿಯಿತು. ಇಷ್ಟು ಜನರ ನಡುವೆ ನೆಟ್ಟಗಿದ್ದವನು ನೀನೊಬ್ಬ, ನೀನೂ ಶುರು ಮಾಡಿದೆಯಾ ಅಂತ ಫೋನ್ ಹಚ್ಚಿಯೇ ಬಿಟ್ಟೆ. ಅವನು ಜಗಳ ಆಡಲಿಲ್ಲ.

"ಆವತ್ತ ನಿಮ್ಮ ಅಕ್ಕಾರ ಮಗಳಿಗೆ ನೀವು ಬಂದ್ರಿ, ಚಲೋ ಆತ್ರಿ," ಅಂದ. "ಇನ್ಸುಲಿನ್ ಬೇಕಾದ ಉಳಿದ ಮೂರು ಮಂದಿ ಎರಡ ದಿನ ನನ್ನ ಅಂಗಡಿ ಕಟ್ಟಿ ಮ್ಯಾಲೆ ಕುಂತಿದ್ರು. ಅವರಿಗೆ ಏಜೆನ್ಸ್ಯಾಗ ಯಾರೂ ಇಲ್ರಿ."

ಫೋನ್ ಇಟ್ಟ ಮೇಲೂ ಕೆಂಪು ಗೆರೆ ಹಾಗೇ ಇತ್ತು. ನಾನು ತಂದದ್ದು ಒಂದೇ ಬಾಟಲಿ. ತುಂಬಿದ ಫ್ರಿಜ್ಜಿನ ಎದುರು ನಿಂತಾಗ ಉಳಿದ ಮೂವರು ನನ್ನ ತಲೆಗೆ ಬಂದೇ ಇರಲಿಲ್ಲ. ಕೊಡು ಅನ್ನುವುದನ್ನು ಒತ್ತಿದೆ, ಎಂಟಕ್ಕೆ ಎಂಟೂ. ಯಂತ್ರ ಬಿಲ್ ತೆಗೆದು ಮುಂದಿನ ಆರ್ಡರಿಗೆ ಹೋಯಿತು.