ನೇಕಾರನ ಎಡಗೈ

ನಮ್ಮ ಮನೆಯಲ್ಲಿ ಎಡಗೈ ನೋವಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಕೊಯಮತ್ತೂರು ಕಡೆಯ ನಮ್ಮ ಸಿರುಮುಗೈಯಲ್ಲಿ ಮಗ್ಗಕ್ಕೆ ಕೂರುವ ಯಾರ ಮನೆಯಲ್ಲೂ ಇಲ್ಲ. ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತದೆ, ಎಡಗೈ ಹಲಗೆಯನ್ನು ಎದೆಯ ಕಡೆಗೆ ಎಳೆದು ಎಳೆಯನ್ನು ಬಡಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದೇ. ಹಾಗಾಗಿ ಊಟಕ್ಕೆ ಮುಂಚೆ ಯಾರಾದರೊಬ್ಬರು ಇನ್ನೊಬ್ಬರ ಎಡತೋಳಿಗೆ ಬಿಸಿ ಎಣ್ಣೆ ತಿಕ್ಕುತ್ತಾ ಕೂತಿರುವುದು ನಮ್ಮ ಬೀದಿಯಲ್ಲಿ ದೀಪ ಹಚ್ಚಿದಷ್ಟೇ ಸಹಜ. ಅಪ್ಪನ ತೋಳಿಗೆ ಅಮ್ಮ ತಿಕ್ಕಿದಳು, ಅಣ್ಣನ ತೋಳಿಗೆ ಅತ್ತಿಗೆ ತಿಕ್ಕಿದಳು. ಪಕ್ಕದಲ್ಲಿ ಕೂತು ಲಾಳಿಯ ಕಂಡಿಕೆಗೆ ರೇಷ್ಮೆ ಸುತ್ತುವ ತಂಗಿ ನಾನು, ಇನ್ನೂ ಸ್ವಲ್ಪ ಎಣ್ಣೆ ಹಾಕಿದರೆ ಆ ತೋಳಿನ ಮೇಲೆ ದೋಸೆ ಹುಯ್ಯಬಹುದು ಎಂದು ರೇಗಿಸುತ್ತಿದ್ದೆ.

ನಮಗೆ ರೇಷ್ಮೆ, ಜರಿ ಕೊಟ್ಟು ನೆಯ್ದ ಸೀರೆ ಒಯ್ಯುವ ಮುದಲಾಳಿ ದೂರದ ನೆಂಟರೇ. ಅವರ ಮನೆಯಲ್ಲೂ ನಮ್ಮ ಹಾಗೇ ತಮಿಳು ಬೆರೆತ ಕನ್ನಡ. ಹೋದ ವರ್ಷ ಒಂದು ಬೆಳಿಗ್ಗೆ ಅಂಗಡಿಯ ದಿಂಬಿಗೆ ಒರಗಿ ಕೂತಿದ್ದಾಗ ಅವರಿಗೆ ಎಡಗೈ ನೋವು ಶುರುವಾಯಿತು. ಆ ಕೈ ಫೋನಿಗಿಂತ ಭಾರವಾದ್ದನ್ನು ಎತ್ತಿ ಯಾವ ಕಾಲವಾಗಿತ್ತೋ. ಕೆಲಸವೇ ಮಾಡದ ಕೈ ನೋಯುವುದಾದರೆ ಅದು ಎದೆಯದೇ ಇರಬೇಕು ಎಂದು ಮನೆಯವರಿಗೆ ತಕ್ಷಣ ಹೊಳೆಯಿತು. ಕಾರು ಹೊರಟಿತು. ಕೊಯಮತ್ತೂರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ವಾರದೊಳಗೆ ಮನೆಗೆ ಕಳಿಸಿದರು.

ಅಣ್ಣ, ನಾನು ಮೂಸಂಬಿ ಹಿಡಿದು ನೋಡಲು ಹೋದೆವು. ಮುದಲಾಳಿ ಮಂಚದ ಮೇಲಿಂದಲೇ ಅಣ್ಣನ ತೋಳು ತಟ್ಟಿದರು.

"ನಿಮ್ಗೆಲ್ಲ ಇದು ಬರಾದಿಲ್ಲೆ ಪಾ. ಕೈಕಾಲ್ ಆಡಿಸ್ತೀರಿ, ಒಳ್ಳೆ ಒಡಂಬು, ಗಟ್ಟಿ ಮೈ. ನಮ್ದು ಕೂತಿರಾ ಜೀವ. ತಲೆ ತುಂಬ ಟೆನ್ಶನ್."

ಅಣ್ಣ ಹೌದೌದು ಎಂದು ತಲೆಯಾಡಿಸಿದ. ಅವನಿಗೆ ನಿಜವಾಗಿಯೂ ಸಮಾಧಾನವಾದಂತಿತ್ತು. ಅವನು ಹಾಗೆ ತಲೆಯಾಡಿಸಿದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅವರದಾದರೆ ಟೆನ್ಶನ್, ನಮ್ಮದಾದರೆ ಬರೀ ಅರ್ಜೆಂಟು. ಈ ಸಲದ ಮದುವೆ ಕಾಲದಲ್ಲಿ ಒಂದು ಮುಹೂರ್ತದ ಸೀರೆ ಅಣ್ಣನ ಮಗ್ಗಕ್ಕೆ ಬಂತು. ಶುರುವಾಗುವ ಮೊದಲೇ ಸೆರಗಿನ ಬುಟ್ಟಾ ಎರಡು ಸಲ ಬದಲಾಯಿತು, ಮುಹೂರ್ತ ಮಾತ್ರ ಬದಲಾಗಲಿಲ್ಲ. ಹೆಣ್ಣಿನ ಕಡೆಯವರು ಎಷ್ಟಾಯಿತು, ಫೋಟೋ ಕಳಿಸಿ ಎಂದು ಮುದಲಾಳಿಯನ್ನು ಕೇಳುತ್ತಿದ್ದರು. ಅವರು ಆ ವಾಯ್ಸ್ ಮೆಸೇಜನ್ನು ಹಾಗೇ ಅಣ್ಣನ ಫೋನಿಗೆ ತಳ್ಳುತ್ತಿದ್ದರು. ತಡವಾದರೆ ಕೂಲಿ ಕತ್ತರಿಸುತ್ತಾರೆ, ಮುಂದಿನ ರೇಷ್ಮೆ ಬೇರೆ ಮನೆಗೆ ಹೋಗುತ್ತದೆ. ಅಣ್ಣ ಮಧ್ಯಾಹ್ನದ ಊಟ ಬಿಟ್ಟ. ಟೀ, ಬೀಡಿ, ಮತ್ತೆ ಕಾಲಿಳಿಸಿ ಕೂರುವ ಮಗ್ಗದ ಕುಳಿ. ಅವನ ಬಿಪಿ ಮಾತ್ರೆ ಮುಗಿದು ಹೋಗಿತ್ತು. ಅದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ, ಆದರೆ ಅಲ್ಲಿನ ಸಾಲಿನಲ್ಲಿ ನಿಂತರೆ ಅರ್ಧ ದಿನದ ನೆಯ್ಗೆ ಹೋಯಿತು. ಸೀರೆ ಮುಗಿಯಲಿ ಎಂದ.

ನೆಯ್ಗೆ ಸೆರಗಿನ ಹತ್ತಿರ ಬಂದ ದಿನ ಬೆಳಿಗ್ಗೆ ಫ್ಯಾನಿನ ಕೆಳಗೇ ಅವನ ಬನಿಯನ್ ಒದ್ದೆಯಾಗಿತ್ತು. ಹಲಗೆ ಬಿಟ್ಟು ಎಡತೋಳು ಹಿಡಿದುಕೊಂಡ. "ಮೊಗ ಏನೋ ಶರಿ ಇಲ್ಲೆ. ಡಾಕ್ಟರತ್ರ ಹೋಗ್ಬುಟ್ಟು ಬಾ" ಎಂದು ಅತ್ತಿಗೆ ಹಟ ಹಿಡಿದಳು. ನಾನೇ ಆಟೋದಲ್ಲಿ ಊರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಹೊರಗೆ ಕ್ಯೂ ಇತ್ತು, ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಕೈ ಯಾವಾಗಿನಿಂದ ನೋಯುತ್ತಿದೆ ಎಂದು ತಮಿಳಿನಲ್ಲಿ ಕೇಳಿದರು. ಮೀಸೆ ಬರುವ ಮುಂಚಿನಿಂದ ಎಂದ ಅಣ್ಣ. ಡಾಕ್ಟರು ನಕ್ಕರು. ಏನು ಕೆಲಸ ಎಂದರು, ಮಗ್ಗ ಎಂದ. ಅಷ್ಟಕ್ಕೇ ತೀರ್ಮಾನವಾಯಿತು. ಒಂದು ಮುಲಾಮು, ಗ್ಯಾಸಿಗೆ ಒಂದು ಮಾತ್ರೆ, ಮುಂದಿನವರು ಬನ್ನಿ.

ಆಟೋದಲ್ಲಿ ಕೇಳಿದೆ: "ಇವತ್ತಿನ್ ನೋವು ಬ್ಯಾರೆ ಮಾದರಿ ಇದ್ಯಾ?"

"ಅದೇ ಜಾಗ, ಅದೇ ಕೈ. ಬ್ಯಾರೆ ಅಂತ ನಂಗೆಂಗ್ ತಿಳೀತದೆ?" ಎಂದ. ಮನೆಗೆ ಬಂದು ಮುಲಾಮು ಹಚ್ಚಿಸಿಕೊಂಡು ಮತ್ತೆ ಕುಳಿಗಿಳಿದ.

ಸಂಜೆಯ ಹೊತ್ತಿಗೆ ಹಲಗೆಯ ಸದ್ದು ನಿಂತಿತು. ಟೀ ಕುಡಿಯುತ್ತಿದ್ದಾನೆ ಎಂದುಕೊಂಡೆವು. ಅತ್ತಿಗೆ ಹೋಗಿ ನೋಡಿದಾಗ ನೆಯ್ದ ಬಟ್ಟೆಯ ಮೇಲೆ ಹಣೆ ಇಟ್ಟು ಮಲಗಿದ್ದ. ಮೇಟ್ಟುಪಾಳಯದ ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟಿದ್ದ. ಹಾರ್ಟ್ ಅಟ್ಯಾಕು, ಬೆಳಿಗ್ಗೆಯೇ ಶುರುವಾಗಿರಬೇಕು ಎಂದರು ಅಲ್ಲಿಯವರು.

ಹೆಣ ಹೊತ್ತ ವ್ಯಾನು ನಮ್ಮ ಬೀದಿಯ ತುದಿಗೆ ಬಂದಾಗ ಮುದಲಾಳಿಯ ಕಡೆಯ ಒಬ್ಬ ಅಡ್ಡ ನಿಂತು ನಿಲ್ಲಿಸಿದ. "ಕಲ್ಯಾಣದ್ ಸೀರೆ. ಸಾವ್ ಮನೇಲಿ ಇರ್ಬಾರ್ದು. ಅದ್ ಆಚೆ ಬರ್ಲಿ, ಆಮೇಲೆ ಇವ್ರು ಒಳಕ್ ಹೋಗ್ಲಿ" ಎಂದ. ಬೀದಿಯ ಹಿರಿಯರೂ ಅದೇ ಸರಿ ಎಂದರು. ಅಣ್ಣ ವ್ಯಾನಿನಲ್ಲಿ ಕಾದ. ಮಗ್ಗದಿಂದ ಸೀರೆಯ ಹಾಸು ಬಿಚ್ಚುವ ಕೆಲಸ ಆ ಬಂದವನಿಗೆ ಗೊತ್ತಿರಲಿಲ್ಲ, ನಾನೇ ಬಿಚ್ಚಿಕೊಟ್ಟೆ. ಅಣ್ಣನ ಹಣೆ ತಾಗಿದ್ದ ಜಾಗದಲ್ಲಿ ಕಲೆ ಏನಾದರೂ ಆಗಿದೆಯೇ ಎಂದು ಅವನು ಮೊಬೈಲಿನ ಬೆಳಕು ಬಿಟ್ಟು ನೋಡಿದ. ಆಗಿರಲಿಲ್ಲ. ಉಳಿದ ಸೆರಗನ್ನು ಪಕ್ಕದ ಬೀದಿಯಲ್ಲಿ ನೆಯ್ದು ಮುಗಿಸಿದರಂತೆ. ಯಾವಳೋ ಒಬ್ಬಳು ಅದನ್ನುಟ್ಟು ತಾಳಿ ಕಟ್ಟಿಸಿಕೊಂಡಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಮುದಲಾಳಿ ಮಾತಾಡಿಸಲು ಬಂದರು. ಡಾಕ್ಟರು ದಿನಾ ನಡೆಯಲು ಹೇಳಿದ್ದಾರಂತೆ, ಹಾಗಾಗಿ ಕಾರನ್ನು ಬೀದಿ ತುದಿಯಲ್ಲೇ ಬಿಟ್ಟು ನಡೆದು ಬಂದಿದ್ದರು. "ಒಳ್ಳೆ ಒಡಂಬು. ಡಾಕ್ಟರತ್ರ ತೋರ್ಸಿರ್ಬೇಕಾಗಿತ್ತು" ಎಂದರು.

"ತೋರ್ಸ್ದೊ. ಯಾವಾಗಿಂದ ನೋವು ಅಂದ್ರು. ನಿಮ್ಮನ್ ಕೇಳ್ದಾಗ ಇವತ್ತಿಂದ ಅಂದ್ರಿ, ಉಳ್ಕೊಂಡ್ರಿ. ಅವ್ನೂ ನಿಜಾನೇ ಹೇಳ್ದ, ಹೋದ" ಎಂದೆ. ಅವರು ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಆದರೂ ಅವರ ರೇಷ್ಮೆಯೇ ಮತ್ತೆ ನಮ್ಮ ಮನೆಗೆ ಬಂದಿದೆ. ಬೇರೆ ಯಾರ ರೇಷ್ಮೆ ಬರುತ್ತದೆ? ಅಣ್ಣನ ಮಗ್ಗದಲ್ಲಿ ಈಗ ಅತ್ತಿಗೆ ಕೂರುತ್ತಾಳೆ. ಸಂಜೆ ಎಣ್ಣೆ ಬಿಸಿ ಮಾಡಿ ನಾನು ಅವಳ ಎಡತೋಳಿಗೆ ತಿಕ್ಕುತ್ತೇನೆ, ಈಗ ರೇಗಿಸುವುದಿಲ್ಲ. ನಿನ್ನೆ ಕೈಯಿಟ್ಟ ಕೂಡಲೇ ಅವಳು ನೋವಿಗೆ ಮುಖ ಕಿವುಚಿದಳು. ಯಾವಾಗಿಂದ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಏನು ಹೇಳಿದರೆ ಸರಿ ಎಂದು ಅವಳಿಗೂ ಗೊತ್ತಾಗಲಿಲ್ಲ.