ನಾನು ತಲೆಯಾಡಿಸಿದ ತಪ್ಪು

ಮಲೇಷ್ಯಾದ ಮಾಂಟ್ ಕಿಯಾರಾದಲ್ಲಿ ನಮ್ಮ ಎದುರು ಮನೆಯವರು ಕೊರಿಯಾದವರು. ಕೊರೋನಾ ಕಾಲದಲ್ಲಿ ಅವರ ಹದಿನಾರರ ಮಗಳು ಆನ್‌ಲೈನ್ ತರಗತಿಯಲ್ಲಿ ಮುಖ ತೋರಿಸುವುದನ್ನೇ ಬಿಟ್ಟಳು. ಶಾಲೆ ಮುಗಿದರೆ ಟ್ಯೂಷನ್, ಅದು ಮುಗಿದರೆ ಇನ್ನೊಂದು. ಒತ್ತಡ ಹೆಚ್ಚಾದಷ್ಟೂ ಅಳು, ಅತ್ತಷ್ಟೂ ಓದು ಬಾಕಿ, ಬಾಕಿ ಕಂಡು ಮತ್ತೆ ಅಳು. ಕೊನೆಗೆ ಪರೀಕ್ಷೆಗೇ ಕೂರುವುದಿಲ್ಲ ಎಂದಳಂತೆ. ಅವಳ ತಾಯಿ ಬಾಗಿಲಲ್ಲಿ ನಿಂತು ಇದನ್ನು ಹೇಳಿ ಕಣ್ಣೊರೆಸಿಕೊಂಡರು.

ಇಪ್ಪತ್ತು ವರ್ಷ ಗಣಿತ ಕಲಿಸಿದ ಗತ್ತು ನನ್ನದು. ‘ನನ್ನ ಹತ್ತಿರ ಕಳಿಸಿ’ ಎಂದುಬಿಟ್ಟೆ. ಲಾಕ್‌ಡೌನ್ ಸಡಿಲವಾಗಿತ್ತು. ಎರಡೂ ಮನೆಗಳ ನಡುವಿನ ಕಾರಿಡಾರಿನಲ್ಲಿ ಮೇಜು ಹಾಕಿ, ಇಬ್ಬರೂ ಮಾಸ್ಕ್ ತೊಟ್ಟು ಕೂತೆವು. ಅವಳು ಲೆಕ್ಕ ಮಾಡಿ ನನ್ನತ್ತ ನೋಡುವಳು. ಸರಿಯಿದ್ದರೆ ನಾನು ತಲೆಯಾಡಿಸುವೆ. ಆದರೆ ಹುಡುಗಿ ಸರಿಯುತ್ತರವನ್ನೇ ಅಳಿಸಿ ತಪ್ಪು ಬರೆಯುವಳು! ವಾರದೊಳಗೆ ಅಳು ಇಮ್ಮಡಿಯಾಯಿತು. ನನಗೋ ಮೂಗಿನ ತುದಿಯಲ್ಲೇ ಕೋಪ.

ಮಣಿಪಾಲದಿಂದ ಇಲ್ಲಿನ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಬಂದ ನನ್ನ ಗಂಡ ಬಾಗಿಲಿಗೊರಗಿ ಇದನ್ನೆಲ್ಲ ನೋಡುತ್ತಿದ್ದರು. “ನೀನು ಹೌದು ಅಂತ ತಲೆ ಆಚೀಚೆ ಅಲ್ಲಾಡಿಸುದು ಬೇರೆಯವ್ರಿಗೆ ಇಲ್ಲ ಅಂದ ಹಾಗೆ ಕಾಣ್ತದೆ ಮಾರಾಯ್ತಿ. ಬಾಯಿ ಬೇರೆ ಮುಚ್ಚಿದೆ. ಅದಕ್ಕೆ ಹೇಗೆ ಗೊತ್ತಾಗ್ಬೇಕು?”

ಹುಡುಗಿಯನ್ನು ಕೇಳಿದೆ. ಹೌದಂತೆ, ನಾನು ದಿನವೂ ‘ತಪ್ಪು, ತಪ್ಪು’ ಎನ್ನುತ್ತಿದ್ದೇನೆ ಎಂದುಕೊಂಡಿದ್ದಳಂತೆ. ಕಲಿಸುವ ಹಿರಿಯರನ್ನು ಯಾಕೆಂದು ಕೇಳುವುದು ಅವರ ಮನೆಯಲ್ಲಿ ಒರಟುತನ. ನಾಚಿಕೆಯಿಂದ ಭೂಮಿಗಿಳಿದುಹೋದೆ. ಕ್ಷಮೆ ಕೇಳಿದೆ. ಇನ್ನು ಮುಂದೆ ಸರಿ, ತಪ್ಪು ಎರಡನ್ನೂ ನಾನು ಬಾಯಿಬಿಟ್ಟೇ ಹೇಳುವುದು, ಅವಳು ದಿನಕ್ಕೊಮ್ಮೆಯಾದರೂ ನನ್ನೊಡನೆ ಜಗಳವಾಡುವುದು ಎಂದು ಕರಾರಾಯಿತು.

ಮೊದಮೊದಲು ಪುಸ್ತಕದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯಷ್ಟೇ ಹಾಕುವಳು. ಆಮೇಲೆ “ಯಾಕೆ?” ಎಂದಳು. ನಾಲ್ಕು ದಿನ ಬಿಟ್ಟು “ಯಾಕೆ ಹಾಗೆ?” ಎಂದಳು. ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ, ನಿದ್ದೆಯೂ ಬರುತ್ತಿದೆ ಎಂದರು ತಾಯಿ. ಪರೀಕ್ಷೆಯ ಮಾತನ್ನು ಮಾತ್ರ ನಾವ್ಯಾರೂ ಎತ್ತಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಒಂದು ಉತ್ತರ ನೋಡಿ “ತಪ್ಪು” ಎಂದೆ. ಅವಳು ಕಣ್ಣು ತಗ್ಗಿಸಲಿಲ್ಲ.

“ನೋ ಆಂಟಿ. ನಿಮ್ಮದೇ ತಪ್ಪು ಲಾ.”

ಇಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಅಂಟಿಸಿ, ಹಂತಹಂತವಾಗಿ ತೋರಿಸಿದಳು. ನಿಜ, ತಪ್ಪು ನನ್ನದೇ! ಅವಳ ತಾಯಿ ಗಾಬರಿಯಿಂದ ಕ್ಷಮೆ ಕೇಳಲು ಓಡಿಬಂದರು. ನಾನು ಮೇಜು ಕುಟ್ಟಿಕೊಂಡು ನಗುತ್ತಿದ್ದೆ. ಅಷ್ಟು ಖುಷಿಯಿಂದ ನಾನು ಯಾರಿಗೂ ಸೋತಿಲ್ಲ.

“ನಾಳೆ ಪರೀಕ್ಷೆಗೆ ಕೂರ್ತೀನಿ” ಎಂದಳು ಹುಡುಗಿ, ಯಾರೂ ಕೇಳದೆಯೇ.